ಶಾಲೆಯ ವರ್ಷ ಮನೆಗೆ ತಲುಪುವ ದಾರಿ: ಬಿಚ್ಚಿ ಮತ್ತೆ ಕಟ್ಟಿದ ಕೆಲಸದ ಟಿಪ್ಪಣಿ

ದೊಡ್ಡ ತರಗತಿಯ ಮಕ್ಕಳಿಗೆ ನಾಳೆ ಶಾಲೆ ಇದೆಯೋ ಇಲ್ಲವೋ ತಮಗೇ ಗೊತ್ತಿರುತ್ತದೆ. ಒಂದನೇ ತರಗತಿಯ ಮಗುವಿಗೆ ಹಾಗಲ್ಲ. ಅದರ ಪಾಲಿನ ಇಡೀ ವರ್ಷವನ್ನು ಮನೆಯವರೇ ನೆನಪಿಟ್ಟುಕೊಳ್ಳಬೇಕು. ರಜೆ ಅಂತ ಗೊತ್ತಾಗದಿದ್ದರೆ ಮಗು ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತದೆ. ಅರ್ಧ ದಿನ ಅಂತ ಗೊತ್ತಾಗದಿದ್ದರೆ ಎಲ್ಲರೂ ಹೋದ ಮೇಲೂ ಬ್ಯಾಗ್ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತದೆ. ಅದಕ್ಕೇ ಪ್ರಾಥಮಿಕ ಶಾಲೆಯಲ್ಲಿ ಮಾಹಿತಿ ತಲುಪಿಸುವುದನ್ನು ನಾನು ಚಿಕ್ಕ ಕೆಲಸ ಅಂದುಕೊಂಡಿಲ್ಲ.

ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಈ ದಾರಿ ಅಲ್ಲಲ್ಲಿ ಕಿತ್ತುಹೋಗಿತ್ತು. ಮಾಹಿತಿಗೇನೂ ಕೊರತೆ ಇರಲಿಲ್ಲ. ವರ್ಷದ ಶುರುವಿನಲ್ಲಿ ಒಂದು ಪಿಡಿಎಫ್ ಬರುತ್ತಿತ್ತು. ತರಗತಿಗೊಂದು ವಾಟ್ಸಾಪ್ ಗುಂಪು ಇತ್ತು. ಮಗುವಿನ ಡೈರಿಯಲ್ಲಿ ಟೀಚರ್ ಬರೆದು ಕಳಿಸುತ್ತಿದ್ದರು. ಆಫೀಸಿನ ಹೊರಗೆ ನೋಟಿಸ್ ಬೋರ್ಡ್ ಇತ್ತು. ತೊಂದರೆ ಏನಪ್ಪಾ ಅಂದರೆ, ಈ ನಾಲ್ಕೂ ಕಡೆ ಒಂದೇ ಸಭೆಗೆ ಬೇರೆ ಬೇರೆ ದಿನಾಂಕ ಸಿಗುತ್ತಿತ್ತು. ಸಭೆ ಮುಂದೆ ಹೋದಾಗ ಗುಂಪಿನಲ್ಲಿ ಹೊಸ ದಿನಾಂಕ ಬರುತ್ತಿತ್ತು, ಬೋರ್ಡಿನ ಮೇಲೆ ಹಳೆಯದೇ ಉಳಿಯುತ್ತಿತ್ತು, ಪಿಡಿಎಫ್ ಅಂತೂ ಯಾರೂ ಮುಟ್ಟುತ್ತಿರಲಿಲ್ಲ.

ಒಬ್ಬರು ಟೀಚರ್, ಆಫೀಸಿನ ಕೆಲಸ ನೋಡುವವರೊಬ್ಬರು, ಮತ್ತೆ ಪೋಷಕರ ಕಡೆಯಿಂದ ನಾನು, ಮೂವರು ಸೇರಿ ಇದನ್ನು ಬಿಚ್ಚಿ ಮತ್ತೆ ಜೋಡಿಸಿದೆವು. ಬೇರೆ ಶಾಲೆಗಳಲ್ಲೂ ಯಾರಿಗಾದರೂ ಬೇಕಾಗಬಹುದು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕೇಳಿದ್ದು

ಏನೂ ಕಟ್ಟುವ ಮೊದಲು ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಜನರನ್ನು ಮಾತಾಡಿಸಿದೆವು. "ಮಾಹಿತಿ ಸರಿಯಾಗಿ ಬರ್ತಿದೆಯಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಹೋದ ಸಲದ ಅರ್ಧ ದಿನ ನಿಮಗೆ ಯಾವಾಗ ಗೊತ್ತಾಯ್ತು, ಯಾರು ಹೇಳಿದ್ರು?" ಅಂತ ಕೇಳಿದೆವು. ಆಗ ನಿಜ ಹೊರಗೆ ಬಂತು. ಹೆಚ್ಚಿನವರಿಗೆ ಪಕ್ಕದ ಮನೆಯ ಇನ್ನೊಂದು ಮಗುವಿನ ತಾಯಿ ಹೇಳಿದ್ದರು. ಮಗುವನ್ನು ಕರೆದುಕೊಂಡು ಹೋಗಲು ಬರುವ ಅಜ್ಜ ಅಜ್ಜಿಯರಲ್ಲಿ ಬಹಳ ಜನ ಗುಂಪಿನಲ್ಲೇ ಇರಲಿಲ್ಲ. ಗುಂಪಿನಲ್ಲಿದ್ದವರೂ "ಮೆಸೇಜ್ ಬಂದಿತ್ತು, ಆದ್ರೆ ಬೇಕಾದಾಗ ಹುಡುಕಿದ್ರೆ ಸಿಗಲಿಲ್ಲ" ಅಂದರು.

ಈ ಕೊನೆಯ ಮಾತೇ ಮುಂದಿನ ಕೆಲಸಕ್ಕೆಲ್ಲ ಅಳತೆಗೋಲಾಯಿತು. ಸುದ್ದಿ ಕಳಿಸುವುದು ಒಂದು ಕೆಲಸ. ಮನೆಯವರಿಗೆ ಬೇಕೆನಿಸಿದ ಹೊತ್ತಿನಲ್ಲಿ ಅದು ಕೈಗೆ ಸಿಗುವಂತೆ ಮಾಡುವುದು ಬೇರೆಯೇ ಕೆಲಸ. ಶಾಲೆಗಳು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಅಂದುಕೊಳ್ಳುತ್ತವೆ.

ಮೂಲ ಹಾಳೆ

ಎಲ್ಲಕ್ಕೂ ತಳಪಾಯ ಒಂದೇ ಒಂದು ಸ್ಪ್ರೆಡ್‌ಶೀಟ್. ಗೂಗಲ್ ಶೀಟ್ಸ್ ಆಗಲಿ, ಎಕ್ಸೆಲ್ ಆಗಲಿ, ಯಾವುದಾದರೂ ಆದೀತು. ನಿಯಮ ಒಂದೇ: ಈ ಹಾಳೆಯಲ್ಲಿ ಇಲ್ಲದ ದಿನಾಂಕ ಎಲ್ಲೂ ಹೊರಗೆ ಹೋಗಬಾರದು. ಬೋರ್ಡು, ಮೆಸೇಜು, ಕಾಗದ ಎಲ್ಲವೂ ಇಲ್ಲಿಂದ ನಕಲಾಗಬೇಕು. ಬದಲಾವಣೆ ಬಂದರೆ ಮೊದಲು ಇಲ್ಲಿ ತಿದ್ದಬೇಕು, ಆಮೇಲೆ ಉಳಿದ ಕಡೆ.

ಒಂದು ಸಾಲಿಗೆ ಒಂದು ವಿಷಯ. ಶುರುವಾಗುವ ದಿನ, ಮುಗಿಯುವ ದಿನ, ಯಾವ ತರಗತಿಗೆ, ಏನು, ಮಕ್ಕಳನ್ನು ಬಿಡುವ ಸಮಯ, ದಿನಾಂಕ ಖಚಿತವೋ ಅಲ್ಲವೋ, ಕೊನೆಯ ಸಲ ತಿದ್ದಿದ್ದು ಯಾವಾಗ. ಇವೆಲ್ಲ ಯಾರಿಗಾದರೂ ಹೊಳೆಯುತ್ತವೆ. ನಾವು ಇನ್ನೊಂದು ಕಾಲಂ ಸೇರಿಸಿದೆವು: "ಮನೆಯವರು ಏನು ಮಾಡಬೇಕು". ಇದು ಖಾಲಿ ಇದ್ದರೆ ಆ ಸಾಲು ಹೊರಗೆ ಹೋಗುವಂತಿಲ್ಲ.

ಈ ಕಾಲಂ ತುಂಬುವುದು ನೋಡಿದಷ್ಟು ಸುಲಭವಲ್ಲ. "ಆರೋಗ್ಯ ತಪಾಸಣೆ, 2ನೇ ತರಗತಿ" ಅಂತ ಬರೆದು ಟೀಚರ್ ಮುಂದೆ ಹೋಗಲು ನೋಡಿದರು. ಮನೆಯವರು ಏನು ಮಾಡಬೇಕು? ಬರಬೇಕಾ? ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾ? ಮಗು ಔಷಧಿ ತಗೊಳ್ಳುತ್ತಿದ್ದರೆ ಚೀಟಿ ಕಳಿಸಬೇಕಾ? ಹೀಗೆ ಕೇಳುತ್ತಾ ಹೋದಾಗ ಗೊತ್ತಾಯಿತು, ಒಪ್ಪಿಗೆ ಪತ್ರ ಇನ್ನೂ ಅಚ್ಚಾಗಿಯೇ ಇಲ್ಲ. ಕಾಲಂ ಇಲ್ಲದಿದ್ದರೆ ಅದು ತಪಾಸಣೆಯ ದಿನ ಬೆಳಗ್ಗೆ ಗೊತ್ತಾಗುತ್ತಿತ್ತು. ಏನೂ ಮಾಡಬೇಕಿಲ್ಲ ಅಂದರೆ "ಏನೂ ಬೇಡ" ಅಂತಲೇ ಬರೆಯುತ್ತೇವೆ. ಅದೂ ಮನೆಯವರಿಗೆ ಬೇಕಾದ ಮಾಹಿತಿಯೇ.

ವಾರದ ಹೆಸರನ್ನು ಕೈಯಿಂದ ಬರೆಯುವುದನ್ನು ಪೂರ್ತಿ ನಿಲ್ಲಿಸಿದೆವು. ದಿನಾಂಕ ನೋಡಿ ಸೂತ್ರವೇ ವಾರವನ್ನು ತುಂಬುತ್ತದೆ. ಹಳೆಯ ನೋಟಿಸುಗಳಲ್ಲಿ "ಗುರುವಾರ 14" ಅಂತ ಇರುತ್ತಿತ್ತು, ಕ್ಯಾಲೆಂಡರ್ ನೋಡಿದರೆ 14 ಬುಧವಾರ. ಅರ್ಧ ಜನ ವಾರ ನೋಡಿ ಬರುತ್ತಾರೆ, ಅರ್ಧ ಜನ ದಿನಾಂಕ ನೋಡಿ ಬರುತ್ತಾರೆ. ತಿಂಗಳನ್ನೂ ಅಕ್ಷರದಲ್ಲೇ ತೋರಿಸುತ್ತೇವೆ. 05/06 ಅಂದರೆ ಒಬ್ಬರಿಗೆ ಜೂನ್ 5, ಇನ್ನೊಬ್ಬರಿಗೆ ಮೇ 6. ಸ್ಪ್ರೆಡ್‌ಶೀಟ್ ಕೂಡ ತನ್ನ ಭಾಷೆಯ ಸೆಟ್ಟಿಂಗ್ ನೋಡಿಕೊಂಡು ಇದನ್ನು ಒಂದೊಂದು ಥರ ಓದುತ್ತದೆ. ಹಾಗಾಗಿ ಆ ಸೆಟ್ಟಿಂಗನ್ನು ಮೊದಲ ದಿನವೇ ಸರಿಮಾಡಿಕೊಳ್ಳುವುದು ಒಳ್ಳೆಯದು.

ಖಚಿತವಲ್ಲದ ದಿನಾಂಕಗಳ ಬಗ್ಗೆ ನಮ್ಮಲ್ಲಿ ಸ್ವಲ್ಪ ವಾದ ನಡೆಯಿತು. ಖಚಿತವಾಗುವ ತನಕ ಹೇಳುವುದೇ ಬೇಡ ಅನ್ನುವುದು ಆಫೀಸಿನವರ ಮಾತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕೆಲಸಕ್ಕೆ ಹೋಗುವ ತಂದೆ ತಾಯಿಗೆ ರಜೆ ಕೇಳಲು ಸಮಯ ಬೇಕು. ಕೊನೆಗೆ ಖಚಿತವಲ್ಲದ್ದನ್ನು ದಿನಾಂಕ ಹಾಕದೆ "ತಿಂಗಳ ಮೂರನೇ ವಾರ" ಅಂತ ಮಾತ್ರ ತೋರಿಸುವುದು ಅಂತಾಯಿತು. ಇದರಿಂದ ಯಾರೂ ತಪ್ಪು ದಿನ ಬರೆದಿಟ್ಟುಕೊಳ್ಳುವುದಿಲ್ಲ, ತಯಾರಿಗೂ ಸಮಯ ಸಿಗುತ್ತದೆ.

ಗೋಡೆಗೆ ಅಂಟಿಸುವ ಕಾಗದ

ಫೋನಿನ ಕಾಲದಲ್ಲಿ ಕಾಗದ ಯಾಕೆ ಅಂತ ಕೆಲವರು ಕೇಳಿದರು. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಎಷ್ಟೋ ಜನ. ಫೋನಿಗೆ ಬಂದದ್ದು ಒಬ್ಬರಿಗೆ ಕಾಣುತ್ತದೆ, ಗೋಡೆಯ ಮೇಲಿದ್ದದ್ದು ಎಲ್ಲರಿಗೂ ಕಾಣುತ್ತದೆ. ಮಗುವಿಗೂ ಕಾಣುತ್ತದೆ. ಅಂಕಿ ಕಲಿಯುತ್ತಿರುವ ಮಗು ತಾನೇ ಬೆರಳಿಟ್ಟು ಎಣಿಸುತ್ತದೆ.

ಎ4 ಹಾಳೆಯ ಒಂದು ಮುಖದಲ್ಲಿ ಹನ್ನೆರಡು ತಿಂಗಳು, ಇನ್ನೊಂದು ಮುಖದಲ್ಲಿ ದಿನಾಂಕದ ಪಟ್ಟಿ. ಹಾಳೆ ಅಡ್ಡಲಾಗಿಟ್ಟರೆ 297 ಮಿಲಿಮೀಟರ್ ಅಗಲ. ಅಂಚಿಗೆ 10 ಮಿಲಿಮೀಟರ್ ಬಿಟ್ಟು ನಾಲ್ಕು ತಿಂಗಳು ಪಕ್ಕಪಕ್ಕ ಇಟ್ಟರೆ ಒಂದೊಂದು ತಿಂಗಳಿಗೆ ಸುಮಾರು 69 ಮಿಲಿಮೀಟರ್ ಸಿಗುತ್ತದೆ. ಅದರಲ್ಲಿ ಏಳು ಕಾಲಂ. ಅಂದರೆ ಒಂದು ದಿನದ ಚೌಕಕ್ಕೆ 10 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಅಂಕಿ ಕಾಣುತ್ತದೆ, ಬರಹ ಹಿಡಿಸುವುದಿಲ್ಲ. ಬರಹವೆಲ್ಲ ಹಿಂದಿನ ಪಟ್ಟಿಗೆ ಹೋಯಿತು. ಒಂದು ಮಾತು: ತುಂಬಾ ಮನೆಗಳಲ್ಲಿ ಪಟ್ಟಿಯ ಮುಖವೇ ಮೇಲೆ ಬರುವಂತೆ ಅಂಟಿಸಿದ್ದಾರೆ. ಇನ್ನೊಮ್ಮೆ ಮಾಡುವಾಗ ಪಟ್ಟಿಗೇ ಹೆಚ್ಚು ಜಾಗ ಕೊಡಬೇಕು.

ಮೊದಲ ಮಾದರಿ ಬಣ್ಣದ್ದಾಗಿತ್ತು. ರಜೆಗೆ ಕೆಂಪು, ಪರೀಕ್ಷೆಗೆ ಹಸಿರು, ಅರ್ಧ ದಿನಕ್ಕೆ ತಿಳಿ ಹಳದಿ. ಪರದೆಯ ಮೇಲೆ ಚೆಂದವೇ ಇತ್ತು. ಶಾಲೆಯ ಜೆರಾಕ್ಸ್ ಯಂತ್ರದಲ್ಲಿ ಹಾಕಿದಾಗ ಕೆಂಪು ಹಸಿರು ಎರಡೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದವು, ಹಳದಿ ಪೂರ್ತಿ ಮಾಯ. ಕೆಂಪು ಹಸಿರಿನ ವ್ಯತ್ಯಾಸ ಕಣ್ಣಿಗೆ ಕಾಣದವರೂ ಇರುತ್ತಾರೆ. ಬಣ್ಣ ಕೈಬಿಟ್ಟು ಗುರುತುಗಳಿಗೆ ಬಂದೆವು. ರಜೆ ಅಂದರೆ ಕಪ್ಪು ಚೌಕದಲ್ಲಿ ಬಿಳಿ ಅಂಕಿ. ಅರ್ಧ ದಿನ ಅಂದರೆ ಮೂಲೆಯಿಂದ ಮೂಲೆಗೆ ಗೆರೆ, ಕೆಳಗಿನ ಅರ್ಧ ಕಪ್ಪು. ಪರೀಕ್ಷೆಗೆ ದಪ್ಪ ಅಂಚು. ಪೋಷಕರು ಬರಬೇಕಾದ ದಿನಕ್ಕೆ ವೃತ್ತ. ಜೆರಾಕ್ಸಿನ ಜೆರಾಕ್ಸ್ ತೆಗೆದು ನೋಡಿ, ಅದರಲ್ಲೂ ಗುರುತು ಸಿಕ್ಕಿದ ಮೇಲೆಯೇ ಅಚ್ಚಿಗೆ ಕೊಟ್ಟೆವು. ಮನೆಯಿಂದ ಮನೆಗೆ ಹೋಗುವುದು ಅಂಥ ನಕಲೇ ತಾನೆ.

ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ್ದು ಇದು. ಹಾಗಾಗಿಯೇ ಸ್ವಲ್ಪ ಕೊಳೆ, ಸ್ವಲ್ಪ ಹರಕು ಇದ್ದರೂ ಓದುತ್ತದೆ. ಎಷ್ಟು ಹಾಳಾದರೂ ಓದಬೇಕು ಅನ್ನುವುದಕ್ಕೆ ನಾಲ್ಕು ಮಟ್ಟಗಳಿವೆ: ಸುಮಾರು ಶೇ. 7, 15, 25, 30. ಮಟ್ಟ ಏರಿಸಿದಷ್ಟೂ ಚುಕ್ಕಿಗಳು ಜಾಸ್ತಿಯಾಗಿ ಸಣ್ಣದಾಗುತ್ತವೆ, ಜೆರಾಕ್ಸಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾವು ಶೇ. 15ರ ಮಟ್ಟ ಇಟ್ಟು, ಕೋಡಿನೊಳಗಿನ ವೆಬ್ ವಿಳಾಸವನ್ನು ಚಿಕ್ಕದು ಮಾಡಿದೆವು. ಸುತ್ತ ನಾಲ್ಕು ಚುಕ್ಕಿಯಷ್ಟು ಬಿಳಿ ಜಾಗ ಬಿಡಲೇಬೇಕು. ಅಂದ ಕಾಣಲಿ ಅಂತ ಅದಕ್ಕೆ ಚೌಕಟ್ಟು ಹಾಕಿದರೆ ಕೆಲವು ಫೋನುಗಳು ಓದುವುದೇ ಇಲ್ಲ. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತರಲ್ಲೊಂದು ಭಾಗ ಅಗಲ ಇರಲಿ ಅನ್ನುವುದು ರೂಢಿಯ ಲೆಕ್ಕ. ಕೈಯಲ್ಲಿ ಹಿಡಿಯುವ ಹಾಳೆಗೆ ಎರಡೂವರೆ ಸೆಂಟಿಮೀಟರ್ ಸಾಕು, ಗೇಟಿನ ಬೋರ್ಡಿಗೆ ಒಂದೂವರೆ ಮೀಟರ್ ದೂರದಿಂದ ಓದಲು 15 ಸೆಂಟಿಮೀಟರ್ ಬೇಕು.

ಕೋಡ್ ತೆರೆಯುವುದು ಶಾಲೆಯ ಸ್ವಂತ ಪುಟವನ್ನು. ಬಿಟ್ಟಿ ಸಿಗುವ, ಆಮೇಲೆ ಬದಲಾಯಿಸಬಹುದಾದ ಕೋಡ್‌ಗಳ ಸೇವೆ ನಿಂತುಹೋದರೆ ಮನೆಮನೆಯ ಗೋಡೆಯ ಮೇಲಿನ ಕೋಡ್ ಒಟ್ಟಿಗೇ ಸಾಯುತ್ತದೆ. ಕಾಗದದ ಕೆಳಗೆ "ಈ ಹಾಳೆ ಇಂಥ ದಿನದ್ದು, ಹೊಸದು ಬಂದರೆ ಇದನ್ನು ತೆಗೆಯಿರಿ" ಅಂತ ಒಂದು ಸಾಲು. ಚಿಕ್ಕದು, ಆದರೆ ಇದಿಲ್ಲದಿದ್ದರೆ ಹಳೆಯ ಹಾಳೆ ಹೊಸದರ ಪಕ್ಕದಲ್ಲೇ ವರ್ಷಗಟ್ಟಲೆ ಉಳಿಯುತ್ತದೆ.

ಫೋನಿನ ಕ್ಯಾಲೆಂಡರ್ ಫೈಲು

ರಿಪೇರಿಯ ಕಷ್ಟವೆಲ್ಲ ಇದ್ದದ್ದು ಇಲ್ಲಿ. ಶಾಲೆಯಲ್ಲಿ ಆಗಲೇ ಒಂದು ಐಕ್ಯಾಲೆಂಡರ್ ಫೈಲು ಇತ್ತು. ಗೂಗಲ್, ಆ್ಯಪಲ್, ಔಟ್‌ಲುಕ್ ಎಲ್ಲವೂ ಓದುವ ಮಾದರಿ ಅದು. ಇಂಟರ್ನೆಟ್ಟಿನ ಮಾನದಂಡ ಬರೆದಿಡುವ ದಾಖಲೆಗಳಲ್ಲೊಂದಾದ 2009ರ ಆರ್‌ಎಫ್‌ಸಿ 5545ರಲ್ಲಿ ಅದರ ನಿಯಮಗಳಿವೆ. ಆದರೆ ಜನ ಅದನ್ನು ಬಳಸುವುದು ಬಿಟ್ಟಿದ್ದರು, ಯಾಕೆಂದರೆ ಅದು ತಪ್ಪು ತೋರಿಸುತ್ತಿತ್ತು.

ಮೊದಲ ದೋಷ: ಎಲ್ಲ ರಜೆಗಳೂ ಒಂದು ದಿನ ಮೊದಲೇ ಮುಗಿಯುತ್ತಿದ್ದವು. ಫೈಲು ತೆರೆದು ನೋಡಿದರೆ ದಿನಾಂಕಗಳು ಸರಿಯಾಗಿಯೇ ಇವೆ! ಶುರು 7, ಮುಗಿಯುವುದು 12. ಗುಟ್ಟು ನಿಯಮದಲ್ಲಿದೆ. ಇಡೀ ದಿನದ ಘಟನೆಗೆ ಮುಗಿಯುವ ದಿನ ಅಂತ ಬರೆದದ್ದು ಲೆಕ್ಕಕ್ಕೆ ಸೇರುವುದಿಲ್ಲ. ಆ ದಿನ ಶುರುವಾಗುವ ಹೊತ್ತಿಗೆ ಘಟನೆ ಮುಗಿದಿದೆ ಅಂತ ಅರ್ಥ. 12ರ ತನಕ ರಜೆ ಅಂದರೆ ಫೈಲಿನಲ್ಲಿ 13 ಅಂತ ಬರೆಯಬೇಕು. ಮೂಲ ಹಾಳೆಯಲ್ಲಿ ಮನುಷ್ಯರು ಓದುವ ಹಾಗೆ 12 ಅಂತಲೇ ಇಟ್ಟು, ಫೈಲು ತಯಾರಿಸುವ ಕಡೆ ಒಂದು ದಿನ ಕೂಡಿಸಿದೆವು.

ಎರಡನೆಯದು ಕನ್ನಡದ್ದೇ ಸಮಸ್ಯೆ. ಉದ್ದನೆಯ ಶೀರ್ಷಿಕೆಗಳ ನಡುವೆ ಕೆಲವು ಫೋನುಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕಗಳು ಕಾಣಿಸುತ್ತಿದ್ದವು. ನಿಯಮದ ಪ್ರಕಾರ ಫೈಲಿನ ಒಂದು ಸಾಲು 75 ಬೈಟ್ (ಕಂಪ್ಯೂಟರಿನಲ್ಲಿ ಅಕ್ಷರ ಹಿಡಿಯುವ ಜಾಗದ ಅಳತೆ) ಮೀರಬಾರದು, ಮೀರಿದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯೂಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು, ಒತ್ತು ಗುಣಿತಗಳಿಗೂ ಅಷ್ಟೇ. "ಕ್ರೀಡಾಕೂಟ" ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ 9 ಚಿಹ್ನೆ, 27 ಬೈಟ್. ಸಾಲಿನ ಮುಂದಿರುವ ಶೀರ್ಷಿಕೆಯ ಗುರುತೇ 8 ಬೈಟ್ ತಿನ್ನುತ್ತದೆ. ಉಳಿದ 67ರಲ್ಲಿ 22 ಚಿಹ್ನೆ ಹಿಡಿಸಿ ಒಂದು ಬೈಟ್ ಮಿಗುತ್ತದೆ. ಫೈಲು ತಯಾರಿಸುವ ಹಳೆಯ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಆ ಒಂದು ಬೈಟಿನೊಳಗೆ ಮುಂದಿನ ಚಿಹ್ನೆಯ ಮೂರರಲ್ಲೊಂದು ಭಾಗ ತುರುಕಿ, ಉಳಿದದ್ದನ್ನು ಕೆಳಗಿನ ಸಾಲಿಗೆ ತಳ್ಳುತ್ತಿತ್ತು. ಕೆಲವು ಆ್ಯಪ್‌ಗಳು ಸಾಲು ಜೋಡಿಸಿ ಆಮೇಲೆ ಓದುತ್ತವೆ, ಅವುಗಳಲ್ಲಿ ಸರಿ ಕಾಣುತ್ತದೆ. ಕೆಲವು ಸಾಲು ಸಾಲಾಗಿ ಓದುತ್ತವೆ, ಅಲ್ಲಿ ಅಕ್ಷರ ಒಡೆಯುತ್ತದೆ. ಚಿಹ್ನೆಯ ಗಡಿಯಲ್ಲೇ ಮಡಚುವಂತೆ ಸ್ಕ್ರಿಪ್ಟ್ ತಿದ್ದಿದ ಮೇಲೆ ಚೌಕಗಳು ಹೋದವು. ಇದು ಕೆಟ್ಟಾಗ ಎಲ್ಲರೂ "ಕನ್ನಡ ಸಪೋರ್ಟ್ ಇಲ್ಲ" ಅಂತ ಇಂಗ್ಲಿಷಿಗೆ ಹೊರಳುತ್ತಾರೆ. ಕನ್ನಡದಲ್ಲಿ ಏನೂ ದೋಷವಿರಲಿಲ್ಲ. ಇಂಥದನ್ನು ಹುಡುಕಿ ಸರಿಮಾಡುವುದು ನನಗೆ ಮುಖ್ಯ ಅನಿಸುತ್ತದೆ.

ಮೂರನೆಯದು: ಸಭೆ ಮುಂದೆ ಹೋದಾಗ ಕ್ಯಾಲೆಂಡರಿನಲ್ಲಿ ಹಳೆಯದೂ ಹೊಸದೂ ಎರಡೂ ಕಾಣುತ್ತಿದ್ದವು. ಪ್ರತಿ ಘಟನೆಗೂ ಒಂದು ಗುರುತಿನ ಸಂಖ್ಯೆ ಇರಬೇಕು. ಫೈಲು ಹೊಸದಾಗಿ ಮಾಡಿದಾಗಲೆಲ್ಲ ಆ ಸಂಖ್ಯೆಯೂ ಹೊಸದಾಗುತ್ತಿತ್ತು. ಮೂಲ ಹಾಳೆಯಲ್ಲಿ ಸಾಲು ಹುಟ್ಟಿದಾಗಲೇ ಸಂಖ್ಯೆ ಕೊಟ್ಟು, ಆಮೇಲೆ ಅದನ್ನು ಮುಟ್ಟದಂತೆ ಬೀಗ ಹಾಕಿದೆವು. ದಿನಾಂಕ ಬದಲಾದರೆ ಸಂಖ್ಯೆ ಅದೇ, ತಿದ್ದುಪಡಿಯ ಎಣಿಕೆ ಮಾತ್ರ ಒಂದು ಏರುತ್ತದೆ.

ಮನೆಯವರು ಫೈಲನ್ನು ಇಳಿಸಿಕೊಳ್ಳುವ ಬದಲು ಅದರ ವೆಬ್ ವಿಳಾಸವನ್ನು ಫೋನಿನ ಕ್ಯಾಲೆಂಡರಿಗೆ ಸೇರಿಸಿ ಚಂದಾದಾರರಾಗಬೇಕು. ಇಳಿಸಿಕೊಂಡದ್ದು ಆವತ್ತಿಗೇ ನಿಂತುಹೋಗುತ್ತದೆ. ಚಂದಾ ಆದರೆ ಬದಲಾವಣೆ ತಾನಾಗಿ ಬರುತ್ತದೆ. ಆದರೂ ಕೂಡಲೇ ಬರುವುದಿಲ್ಲ, ಫೋನು ತನಗೆ ಬೇಕಾದಾಗ ಬಂದು ನೋಡುತ್ತದೆ, ಗಂಟೆಗಟ್ಟಲೆ ಆಗಬಹುದು. ಇವತ್ತು ಬೇಗ ಬಿಡುತ್ತೇವೆ ಅನ್ನುವಂಥ ಸುದ್ದಿಗೆ ಕ್ಯಾಲೆಂಡರ್ ನಂಬುವಂತಿಲ್ಲ.

ಮೆಸೇಜು

ತರಗತಿಯ ಗುಂಪನ್ನು ಎರಡು ಮಾಡಿದೆವು. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಇನ್ನೊಂದು ಹರಟೆಗೆ, ಶುಭಾಶಯಗಳಿಗೆ, "ಹೋಂವರ್ಕ್ ಏನು" ಅನ್ನುವುದಕ್ಕೆ. ಬ್ರಾಡ್‌ಕಾಸ್ಟ್ ಪಟ್ಟಿಯನ್ನೂ (ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸಾಪ್ ಸೌಲಭ್ಯ) ಯೋಚಿಸಿದ್ದೆವು. ಅದರಲ್ಲಿ 256 ಜನರ ಮಿತಿ ಇದೆ. ಅದಕ್ಕಿಂತ ದೊಡ್ಡ ತೊಡಕು, ಶಾಲೆಯ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಮೆಸೇಜು ತಲುಪುವುದೇ ಇಲ್ಲ. ಕಳಿಸಿದವರಿಗೆ ಎಲ್ಲರಿಗೂ ಹೋಯಿತು ಅಂತಲೇ ಅನಿಸುತ್ತಿರುತ್ತದೆ.

ವಾರಕ್ಕೊಂದು ಮೆಸೇಜು, ಯಾವಾಗಲೂ ವಾರದ ಅದೇ ದಿನ, ಅದೇ ಹೊತ್ತು. ಮೊದಲ ಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ಮನೆಯವರು ಏನು ಮಾಡಬೇಕು. "ಆತ್ಮೀಯ ಪೋಷಕರೇ, ತಮ್ಮೆಲ್ಲರ ಸಹಕಾರದಿಂದ" ಅಂತ ಶುರು ಮಾಡಿದರೆ ಫೋನಿನ ಪರದೆಯಲ್ಲಿ ಕಾಣುವ ಮೊದಲೆರಡು ಸಾಲು ಅದಕ್ಕೇ ಖರ್ಚು. ಗೌರವ ಬೇಡ ಅಂತಲ್ಲ, ಅದು ಕೊನೆಯಲ್ಲಿ ಬಂದರೂ ನಡೆಯುತ್ತದೆ. ಚಿತ್ರವಾಗಿ ನೋಟಿಸ್ ಕಳಿಸುವುದನ್ನೂ ನಿಲ್ಲಿಸಿದೆವು. ಅಕ್ಷರವಾಗಿದ್ದರೆ ಹುಡುಕಬಹುದು, ಫೋನು ಗಟ್ಟಿಯಾಗಿ ಓದಿಸಬಹುದು, ಬೇರೆ ಭಾಷೆಗೆ ತಿರುಗಿಸಿಕೊಳ್ಳಬಹುದು. ಓದಲು ಬಾರದವರಿಗಾಗಿ ಅದೇ ವಿಷಯವನ್ನು ಟೀಚರ್ ತಮ್ಮ ದನಿಯಲ್ಲಿ ಹೇಳಿ ಕಳಿಸುತ್ತಾರೆ. ಮಕ್ಕಳಿಗೆ ಅದು ಬಹಳ ಇಷ್ಟ, ಅವರೇ ಹಾಕಿ ಹಾಕಿ ಕೇಳಿಸುತ್ತಾರಂತೆ.

ತುರ್ತಿನದು ಎಸ್‌ಎಂಎಸ್‌ನಲ್ಲಿ, ಯಾಕೆಂದರೆ ಸಾದಾ ಫೋನಿಗೂ ಬರುತ್ತದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ, ಕನ್ನಡದಲ್ಲಿ 70 ಚಿಹ್ನೆ ಮಾತ್ರ. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗುತ್ತದೆ. ಹಾಗಾಗಿ ಮೊದಲೇ ಅಳೆದು ಬರೆದಿಟ್ಟುಕೊಂಡಿದ್ದೇವೆ: "ನಾಳೆ (ಬುಧ 12) ಅರ್ಧ ದಿನ. 12:30ಕ್ಕೆ ಬಿಡುತ್ತೇವೆ. ಕರೆದುಕೊಂಡು ಹೋಗಿ." ಇದು 62 ಚಿಹ್ನೆ. ತುರ್ತಿನ ಗಡಿಬಿಡಿಯಲ್ಲಿ ಕೂತು ವಾಕ್ಯ ಕಟ್ಟುವ ಹಾಗಿರಬಾರದು, ದಿನ ಮತ್ತು ಸಮಯ ತುಂಬಿದರೆ ಸಾಕು.

ನಂಬರುಗಳ ಪಟ್ಟಿಯಲ್ಲಿ ಪ್ರತಿ ಮಗುವಿಗೂ ಇಬ್ಬರ ಜಾಗ ಇದೆ. ತಂದೆ ತಾಯಿ ಬೇರೆ ಬೇರೆ ಇರುವ ಮನೆಗಳಿವೆ. ಮಗುವನ್ನು ಕರೆದುಕೊಂಡು ಹೋಗುವುದೇ ಅಜ್ಜಿ ಆಗಿರುವ ಮನೆಗಳಿವೆ. ಯಾರ ನಂಬರ್ ಬೇಕು ಅಂತ ಮನೆಯವರನ್ನೇ ಕೇಳಿದೆವು. ಎಲ್ಲರಿಗೂ ತೆರೆದ ಕ್ಯಾಲೆಂಡರಿನಲ್ಲಿ ಮಗುವಿನ ಹೆಸರು, ಪ್ರವಾಸ ಹೋಗುವ ಜಾಗ ಇವೆರಡನ್ನೂ ಹಾಕುವುದಿಲ್ಲ. ಪ್ರವಾಸದ ವಿವರ ಆ ತರಗತಿಯ ಗುಂಪಿಗೆ ಮಾತ್ರ.

ಗೇಟಿನ ಬೋರ್ಡು

ಹಳೆಯ ಬೋರ್ಡು ಆಫೀಸಿನ ಹೊರಗಿತ್ತು, ಮನೆಯವರು ನಿಲ್ಲುವುದು ಗೇಟಿನಲ್ಲಿ. ಅಲ್ಲಿಗೆ ತಂದೆವು. ಮೂರೇ ಭಾಗ: ಇವತ್ತು, ಈ ವಾರ, ಬದಲಾಗಿದ್ದು. ಮೂರನೆಯ ಭಾಗದಲ್ಲಿ ಹಳೆಯ ದಿನಾಂಕವನ್ನು ಅಳಿಸದೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತೇವೆ. ಬರೀ ಹೊಸದಿದ್ದರೆ ಬದಲಾಗಿದೆ ಅಂತಲೇ ಯಾರಿಗೂ ಹೊಳೆಯುವುದಿಲ್ಲ.

ಪರೀಕ್ಷಿಸಿದ್ದು, ಉಳಿದದ್ದು

ಮಗುವನ್ನು ಕರೆದೊಯ್ಯಲು ಬಂದ ಅಜ್ಜ ಒಬ್ಬರ ಕೈಗೆ ಹಾಳೆ ಕೊಟ್ಟು ಟೀಚರ್ ಕೇಳಿದರು: "ಅಜ್ಜ, ಮುಂದಿನ ಅರ್ಧ ದಿನ ಯಾವತ್ತು, ಎಷ್ಟು ಗಂಟೆಗೆ ಬರ್ತೀರಿ?" ಅವರು ಕನ್ನಡಕ ಹಾಕಿಕೊಂಡು ಗೆರೆ ಎಳೆದ ಚೌಕ ಹುಡುಕಿದರು, ದಿನಾಂಕ ಹೇಳಿದರು, ಸಮಯ ಸಿಗಲಿಲ್ಲ. ಅದು ಹಿಂದಿನ ಪುಟದಲ್ಲಿತ್ತು. "ಎಲ್ಲಾ ಅರ್ಧ ದಿನಕ್ಕೂ ಒಂದೇ ಟೈಮ್ ಅಲ್ವಾ? ಅದನ್ನ ಇಲ್ಲೇ ಬರೀರಮ್ಮ" ಅಂದರು. ಈಗ ಗುರುತುಗಳ ವಿವರದಲ್ಲೇ "ಅರ್ಧ ದಿನ, 12:30ಕ್ಕೆ ಬಿಡುತ್ತೇವೆ" ಅಂತಿದೆ.

ಮೂಲ ಹಾಳೆ, ಕ್ಯಾಲೆಂಡರ್, ಗುಂಪಿನ ಅಡ್ಮಿನ್ ಎಲ್ಲವನ್ನೂ ಶಾಲೆಯ ಇಮೇಲ್ ಮತ್ತು ಶಾಲೆಯ ನಂಬರಿಗೆ ಕಟ್ಟಿದ್ದೇವೆ. ಯಾವ ಟೀಚರ್ ವರ್ಗವಾದರೂ ಕೆಲಸ ನಿಲ್ಲಬಾರದು. ಪಾಸ್‌ವರ್ಡ್ ಗೊತ್ತಿರುವವರು ಯಾವಾಗಲೂ ಇಬ್ಬರು.

ಇನ್ನೂ ಆಗಬೇಕಾದದ್ದು ಇದೆ. ಮನೆಯಲ್ಲಿ ಬೇರೆ ಭಾಷೆ ಆಡುವವರಿಗೆ ಮೂಲ ಹಾಳೆಯಲ್ಲಿ ಇನ್ನೊಂದು ಕಾಲಂ ಬೇಕು, ಅದನ್ನು ಓದಿ ತಿದ್ದಲು ಆ ಭಾಷೆಯ ಪೋಷಕರೊಬ್ಬರು ಒಪ್ಪಿದ್ದಾರೆ. ಶಾಲೆ ಬಿಟ್ಟು ಹೋದ ಮಕ್ಕಳ ಮನೆಯ ನಂಬರುಗಳನ್ನು ಪಟ್ಟಿಯಿಂದ ತೆಗೆಯುವ ಕೆಲಸವನ್ನು ವರ್ಷದ ಕೊನೆಯ ವಾರಕ್ಕೆ ಇಟ್ಟಿದ್ದೇವೆ. ಮುಂದಿನ ವರ್ಷದ ಹಾಳೆಯನ್ನು ಈ ವರ್ಷದ್ದರ ಮೇಲೆ ಬರೆಯುವುದಿಲ್ಲ. ಇದಕ್ಕೆ ಬೀಗ ಹಾಕಿ, ಖಾಲಿ ನಕಲು ತೆಗೆದು, ಗುರುತಿನ ಸಂಖ್ಯೆಗಳನ್ನು ಹೊಸದಾಗಿ ಶುರು ಮಾಡುತ್ತೇವೆ.